ರೈಲು ಹಳಿ ತಪ್ಪಿದಾಗ: ಸುದ್ದಿ, ಊಹೆ ಮತ್ತು ಪ್ರಮಾಣ

2023ರ ಜೂನ್ 5, ಸೋಮವಾರ. ಪ್ರಯೋಗಶಾಲೆಯಲ್ಲಿ ಅಂದು ವಿದ್ಯಾರ್ಥಿಗಳ ಮನಸ್ಸು ಲೋಲಕದ ಮೇಲಿರಲಿಲ್ಲ. ಮೂರು ದಿನಗಳ ಹಿಂದೆ, ಜೂನ್ 2ರ ಶುಕ್ರವಾರ ಸಂಜೆ, ಒಡಿಶಾ ರಾಜ್ಯದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ನಡೆದ ಘೋರ ಅಪಘಾತದ ವಿಷಯವೇ ಎಲ್ಲರ ಬಾಯಲ್ಲಿತ್ತು. ಅದರಲ್ಲಿ ಸಿಕ್ಕಿಕೊಂಡ ಎರಡು ಪ್ರಯಾಣಿಕರ ಗಾಡಿಗಳ ಪೈಕಿ ಒಂದು ನಮ್ಮ ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟಿದ್ದುದು. ಹೀಗಾಗಿ ದೂರದ ಆ ಸಂಗತಿ ನಮಗೆ ದೂರದ್ದಾಗಿ ತೋರಲಿಲ್ಲ.

ಒಬ್ಬನು, ಚಾಲಕನು ಅತಿವೇಗದಿಂದ ಓಡಿಸಿದನೆಂದ. ಇನ್ನೊಬ್ಬನು, ಯಾರೋ ಹಳಿಯನ್ನು ಬೇಕೆಂದೇ ಕಿತ್ತಿರಬೇಕೆಂದ. ಮತ್ತೊಬ್ಬಳು, ಹೊಸ ರಕ್ಷಣಾ ಯಂತ್ರವನ್ನು ಹಾಕಿದ್ದರೆ ಹೀಗಾಗುತ್ತಲೇ ಇರಲಿಲ್ಲವೆಂದಳು. ನಾಲ್ಕನೆಯವನು ಮಾತನಾಡದೆ ತನ್ನ ಫೋನಿನಲ್ಲಿದ್ದ ಒಂದು ಚಿತ್ರವನ್ನು ನನಗೆ ತೋರಿಸಿದ. ಆಕಾಶದಿಂದ ತೆಗೆದ ಚಿತ್ರ. ನಜ್ಜುಗುಜ್ಜಾದ ಬೋಗಿಗಳ ಪಕ್ಕದಲ್ಲಿ ಒಂದು ಬಿಳಿಯ ಕಟ್ಟಡ. ಅದಕ್ಕೆ ಬಾಣದ ಗುರುತು ಹಾಕಿ, "ಇದು ಮಸೀದಿ, ನಡೆದದ್ದು ಶುಕ್ರವಾರ, ಇನ್ನು ನೀವೇ ತಿಳಿದುಕೊಳ್ಳಿ" ಎಂಬರ್ಥದ ಮಾತುಗಳನ್ನು ಬರೆದಿದ್ದರು. ಆ ಹುಡುಗ ಅದನ್ನು ಹಿಂದಿನ ರಾತ್ರಿಯೇ ಮೂವತ್ತು ನಲವತ್ತು ಮಂದಿಗೆ ಕಳುಹಿಸಿಯಾಗಿತ್ತು. "ಇದು ನಿಜವೇ ಸರ್?" ಎಂದು ಕೇಳಿದ.

ಕಳುಹಿಸಿದ ಮೇಲೆ ಕೇಳಿದ ಪ್ರಶ್ನೆ ಅದು. ಆದರೂ ಒಳ್ಳೆಯ ಪ್ರಶ್ನೆ. ಅಂದು ನನಗೆ ಪೂರ್ಣ ಉತ್ತರ ತಿಳಿದಿರಲಿಲ್ಲ. ದೇಶದಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ತನಿಖೆ ಮುಗಿದು, ಅದರ ಫಲಿತಾಂಶ ಸಂಸತ್ತಿನ ಮುಂದೆ ಬಂದಿರುವುದರಿಂದ, ಆ ಮೊದಲ ದಿನಗಳ ಊಹೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಲು ಸಾಧ್ಯವಾಗಿದೆ. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಅಪರೂಪ.

ನಡೆದದ್ದೇನು?

ಮೊದಲು ನಿಶ್ಚಿತವಾಗಿ ತಿಳಿದಿರುವ ಸಂಗತಿಗಳನ್ನು ನೋಡೋಣ. ಬಂಗಾಳದ ಶಾಲಿಮಾರ್‌ನಿಂದ ಚೆನ್ನೈಗೆ ಹೋಗುತ್ತಿದ್ದ ಕೋರಮಂಡಲ ಎಕ್ಸ್‌ಪ್ರೆಸ್ ಗಾಡಿಯು ಸಂಜೆ ಸುಮಾರು ಏಳು ಗಂಟೆಯ ವೇಳೆಗೆ ಬಹನಗಾ ಬಜಾರ್ ನಿಲ್ದಾಣವನ್ನು ಸಮೀಪಿಸಿತು. ಅದು ಅಲ್ಲಿ ನಿಲ್ಲತಕ್ಕ ಗಾಡಿಯಲ್ಲ. ಮುಖ್ಯ ಹಾದಿಯಲ್ಲಿ ನೇರವಾಗಿ ಸಾಗಿಹೋಗಬೇಕಾದದ್ದು. ಅದಕ್ಕೆ ಹಸಿರು ಸಿಗ್ನಲ್ ದೊರೆತಿತ್ತು. ಆದರೆ ಹಳಿಯ ಕವಲು ಪಕ್ಕದ ಲೂಪ್ ಲೈನಿನ ಕಡೆಗೆ ತಿರುಗಿಕೊಂಡಿತ್ತು. ಲೂಪ್ ಲೈನಿನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಗಂಟೆಗೆ 128 ಕಿಲೋಮೀಟರು ವೇಗದಲ್ಲಿದ್ದ ಎಕ್ಸ್‌ಪ್ರೆಸ್ ಅದರ ಹಿಂಭಾಗಕ್ಕೆ ಬಡಿಯಿತು. ಎಂಜಿನು ಗೂಡ್ಸ್ ವ್ಯಾಗನಿನ ಮೇಲಕ್ಕೇರಿ ನಿಂತಿತು; ಬೋಗಿಗಳು ಹಳಿ ತಪ್ಪಿ ದಿಕ್ಕುದಿಕ್ಕಿಗೆ ಚೆಲ್ಲಿದುವು. ಅದೇ ಕ್ಷಣದಲ್ಲಿ ಎದುರು ದಿಕ್ಕಿನ ಹಾದಿಯಲ್ಲಿ ಗಂಟೆಗೆ 126 ಕಿಲೋಮೀಟರು ವೇಗದಿಂದ ದಾಟಿಹೋಗುತ್ತಿದ್ದ ಬೆಂಗಳೂರು–ಹೌರಾ ಗಾಡಿಯ ಕೊನೆಯ ಬೋಗಿಗಳಿಗೆ ಅವು ತಗುಲಿದುವು. 290ಕ್ಕೂ ಹೆಚ್ಚು ಮಂದಿ ಮಡಿದರು. ಸಾವಿರಕ್ಕೂ ಮೇಲ್ಪಟ್ಟು ಜನ ಗಾಯಗೊಂಡರು.

ಈ ಒಂದು ಪರಿಚ್ಛೇದವನ್ನು ಇಷ್ಟು ಖಚಿತವಾಗಿ ಬರೆಯಲು ವಾರಗಳೇ ಬೇಕಾದುವು ಎಂಬುದನ್ನು ವಾಚಕರು ಮರೆಯಬಾರದು. ಮೊದಲ ರಾತ್ರಿಯ ವರದಿಗಳಲ್ಲಿ ಯಾವ ಗಾಡಿ ಮೊದಲು ಹಳಿ ತಪ್ಪಿತು ಎಂಬುದರಲ್ಲಿಯೇ ಹೊಂದಾಣಿಕೆಯಿರಲಿಲ್ಲ. ಮಡಿದವರ ಸಂಖ್ಯೆ 288 ಎಂದು ಮೊದಲು ಪ್ರಕಟವಾಯಿತು. ಜೂನ್ 4ರಂದು ಒಡಿಶಾ ಸರ್ಕಾರವು ಕೆಲವು ದೇಹಗಳನ್ನು ಎರಡು ಸಲ ಎಣಿಸಲಾಗಿತ್ತೆಂದು ತಿಳಿಸಿ ಅದನ್ನು 275ಕ್ಕೆ ಇಳಿಸಿತು. ಅನಂತರ ಅದು ಮತ್ತೆ 288ಕ್ಕೆ ಬಂದು, ಆಸ್ಪತ್ರೆಗಳಲ್ಲಿ ಸಂಭವಿಸಿದ ಸಾವುಗಳಿಂದ ಇನ್ನೂ ಏರಿತು.

ಸಂಖ್ಯೆ ಇಳಿದಾಗ, "ಸಾವುಗಳನ್ನು ಮುಚ್ಚಿಡುತ್ತಿದ್ದಾರೆ" ಎಂದು ಹಲವರು ಕೂಗಿದರು. ಆದರೆ ಪ್ರಯೋಗಶಾಲೆಯಲ್ಲಿ ಅಳತೆ ಮಾಡಿದವರು ಇದನ್ನು ಬೇರೆ ರೀತಿಯಲ್ಲಿ ನೋಡುವರು. ಕತ್ತಲೆಯಲ್ಲಿ, ಹಲವು ಆಸ್ಪತ್ರೆಗಳಿಗೆ ಹಂಚಿಹೋದ ದೇಹಗಳನ್ನು, ಹಲವು ಕೈಗಳು ಎಣಿಸುವಾಗ ದೋಷ ಬರುವುದು ಸಹಜ. ಅಳತೆಯನ್ನು ಪುನಃ ಮಾಡಿ ತಿದ್ದುವುದು ಅಪ್ರಾಮಾಣಿಕತೆಯ ಗುರುತಾಗಬೇಕಾಗಿಲ್ಲ. ಮೊದಲ ದಿನದ ಅಂಕಿಯನ್ನು "ಇದುವರೆಗೆ ಎಣಿಸಿದ್ದು" ಎಂದಷ್ಟೇ ಓದಬೇಕು.

ಭಗ್ನಾವಶೇಷ ಏನು ಹೇಳಬಲ್ಲದು?

ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೋಡಿದವರಿಗೆ, ಇಷ್ಟೊಂದು ಹಾನಿಯಾಗಬೇಕಾದರೆ ಬಾಂಬೋ ಮತ್ತೇನೋ ಇದ್ದಿರಲೇಬೇಕು ಎನಿಸಿತು. ಇದು ನಿಜವೇ? ಒಂದು ಸರಳವಾದ ಲೆಕ್ಕ ಮಾಡೋಣ.

ಗಂಟೆಗೆ 128 ಕಿ.ಮೀ. ಎಂದರೆ ಸೆಕೆಂಡಿಗೆ 35.6 ಮೀಟರು. ಚಲಿಸುವ ವಸ್ತುವಿನ ಚಲನಶಕ್ತಿಯು ½mv² ಎಂಬುದನ್ನು ನೀವು ಬಲ್ಲಿರಿ. ಇದೇ ಶಕ್ತಿಯನ್ನು ಪಡೆಯಲು ಆ ವಸ್ತುವು ಎಷ್ಟು ಎತ್ತರದಿಂದ ಬೀಳಬೇಕು? mgh = ½mv² ಎಂದಿಟ್ಟರೆ ಎರಡು ಕಡೆಯ m ಹೊಡೆದುಹೋಗಿ, h = v²/2g ಎಂದು ಬರುವುದು. ವೇಗದ ವರ್ಗ 1264, ಅದನ್ನು 19.6ರಿಂದ ಭಾಗಿಸಿದರೆ ಸುಮಾರು 64 ಮೀಟರು. ಎಂದರೆ ಆ ವೇಗದಲ್ಲಿದ್ದ ಗಾಡಿಯ ಒಂದೊಂದು ಬೋಗಿಯೂ ಇಪ್ಪತ್ತು ಅಂತಸ್ತಿನ ಕಟ್ಟಡದ ಮೇಲಿಂದ ನೆಲಕ್ಕೆ ಬಿದ್ದರೆ ಎಷ್ಟು ಶಕ್ತಿ ವ್ಯಯವಾಗಬೇಕೋ ಅಷ್ಟು ಶಕ್ತಿಯನ್ನು ಹೊತ್ತಿತ್ತು. 45 ಟನ್ ತೂಕದ ಬೋಗಿಗೆ ಇದು 2 ಕೋಟಿ 80 ಲಕ್ಷ ಜೂಲುಗಳಿಗಿಂತಲೂ ಹೆಚ್ಚು.

ಬ್ರೇಕು ಹಾಕಿ ಈ ಶಕ್ತಿಯನ್ನು ಮೆಲ್ಲಗೆ ಶಾಖವಾಗಿ ಕಳೆಯಲು ದೂರ ಬೇಕು. ಸೆಕೆಂಡಿಗೆ 0.7 ಮೀಟರಿನಂತೆ ವೇಗ ತಗ್ಗುತ್ತದೆಂದು ಇಟ್ಟುಕೊಂಡರೆ v²/2a ಎಂಬ ಸೂತ್ರದಿಂದ ಸುಮಾರು 900 ಮೀಟರು. ಆದುದರಿಂದಲೇ ರೈಲಿನ ಚಾಲಕನು ಕಣ್ಣಿಗೆ ಕಂಡ ಅಡ್ಡಿಯನ್ನು ನೋಡಿ ನಿಲ್ಲಿಸುವ ಪದ್ಧತಿಯಿಲ್ಲ. ದೂರದಲ್ಲಿರುವ ಸಿಗ್ನಲನ್ನು ನಂಬಿ ಓಡಿಸುತ್ತಾನೆ. ಬಹನಗಾದಲ್ಲಿ ಅವನಿಗೆ ಅಷ್ಟು ದೂರ ದೊರೆಯಲಿಲ್ಲ. ಅದಿರು ತುಂಬಿದ ಗೂಡ್ಸ್ ಗಾಡಿಯು ಗೋಡೆಯಂತೆ ಹೆಚ್ಚುಕಡಿಮೆ ನಿಂತಲ್ಲಿಯೇ ನಿಂತಿತು. ಶಕ್ತಿಯೆಲ್ಲವೂ ಉಕ್ಕನ್ನು ಬಗ್ಗಿಸಲು, ಬೋಗಿಗಳನ್ನು ಎಸೆಯಲು ವಿನಿಯೋಗವಾಯಿತು.

ಹಾಗಾದರೆ ಈ ಲೆಕ್ಕದಿಂದ ತಿಳಿಯುವುದೇನು? ಅಂಥ ವಿನಾಶಕ್ಕೆ ವೇಗವೊಂದೇ ಸಾಕು, ಬೇರೆ ಸ್ಫೋಟಕ ಬೇಕಾಗಿಲ್ಲ ಎಂಬುದು. ಗಾಡಿಯು ಅಲ್ಲಿಗೆ ಏಕೆ ಹೋಯಿತೆಂಬುದನ್ನು ಮಾತ್ರ ಈ ಲೆಕ್ಕ ಹೇಳದು. ಹಾನಿಯ ಗಾತ್ರದಿಂದ ಕಾರಣದ ಸ್ವರೂಪವನ್ನು ಊಹಿಸಬಾರದು; ಒಂದು ಸಣ್ಣ ತಪ್ಪು ಅಪಾರವಾದ ಶಕ್ತಿಯನ್ನು ತಪ್ಪು ದಾರಿಗೆ ತಿರುಗಿಸಬಲ್ಲದು.

ಇನ್ನೊಂದು ಸಂಗತಿ. ಬೆಂಗಳೂರಿನಿಂದ ಹೋದ ಗಾಡಿ ಸೆಕೆಂಡಿಗೆ 35 ಮೀಟರಿನಂತೆ ಸಾಗುತ್ತಿತ್ತು. ಅದರ ಉದ್ದ ಅರ್ಧ ಕಿಲೋಮೀಟರೆಂದು ಇಟ್ಟುಕೊಂಡರೆ ಒಂದು ಸ್ಥಳವನ್ನು ದಾಟಲು ಅದಕ್ಕೆ ಹದಿನಾಲ್ಕು ಸೆಕೆಂಡು ಸಾಕು. ಅದರ ಬಹುಭಾಗ ಆಗಲೇ ದಾಟಿಹೋಗಿತ್ತು. ಕೆಲವೇ ಸೆಕೆಂಡುಗಳ ಅಂತರ ಹಲವು ನೂರು ಮಂದಿಯ ಹಣೆಬರಹವನ್ನು ನಿರ್ಣಯಿಸಿತು.

ಊಹೆಗಳನ್ನು ಒರೆಗೆ ಹಚ್ಚುವುದು

ಊಹೆ ಮಾಡುವುದು ತಪ್ಪಲ್ಲ. ಊಹೆಯಿಲ್ಲದೆ ವಿಜ್ಞಾನವೂ ಇಲ್ಲ. ಆದರೆ ವಿಜ್ಞಾನಿಯ ಊಹೆಗೆ ಒಂದು ಲಕ್ಷಣವಿದೆ: "ನಾನು ಹೇಳುವುದು ಸುಳ್ಳಾಗಿದ್ದರೆ ಅದು ಯಾವುದರಿಂದ ಗೊತ್ತಾಗುವುದು?" ಎಂಬುದನ್ನು ಅವನು ತಾನೇ ಮೊದಲು ಕೇಳಿಕೊಳ್ಳುತ್ತಾನೆ. ಈ ಪ್ರಶ್ನೆಗೆ ಒಳಪಡುವ ಊಹೆ ಉಪಯೋಗಕ್ಕೆ ಬರುವುದು, ಒಳಪಡದ್ದು ಗಾಳಿಮಾತು.

ಚಾಲಕನ ಅತಿವೇಗವೆಂಬ ಊಹೆಯನ್ನು ತೆಗೆದುಕೊಳ್ಳಿ. ಅದು ನಿಜವಾಗಿದ್ದರೆ ದಾಖಲೆಯಾದ ವೇಗವು ಆ ಹಾದಿಯ ಮಿತಿಗಿಂತ ಹೆಚ್ಚಾಗಿರಬೇಕು. ಮಿತಿ ಗಂಟೆಗೆ 130 ಕಿ.ಮೀ.; ಎರಡು ಗಾಡಿಗಳೂ ಅದಕ್ಕಿಂತ ಕಡಿಮೆ ವೇಗದಲ್ಲಿದ್ದುವು. ಸಿಗ್ನಲ್ ಕೆಂಪಾಗಿದ್ದರೂ ಅವನು ದಾಟಿದನೆಂಬುದು ಇನ್ನೊಂದು ಊಹೆ. ಸಿಗ್ನಲ್ ಹಸಿರಾಗಿತ್ತೆಂಬುದು ತನಿಖೆಯಿಂದ ಸ್ಥಿರಪಟ್ಟಿತು. ಹೀಗೆ ಎರಡು ಊಹೆಗಳೂ ಪರೀಕ್ಷೆಯಲ್ಲಿ ಬಿದ್ದುಹೋದುವು. ಆದರೆ ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ಚಾಲಕನನ್ನು ಎಷ್ಟು ಜನ ಅಪರಾಧಿಯೆಂದು ತೀರ್ಮಾನಿಸಿದ್ದರೋ!

"ಹೊಸ ರಕ್ಷಣಾ ಯಂತ್ರವಿದ್ದಿದ್ದರೆ" ಎಂಬ ಮಾತು ಬೇರೆ ಜಾತಿಯದು. ಕವಚವೆಂದು ಕರೆಯುವ ಆ ವ್ಯವಸ್ಥೆ ಆ ಹಾದಿಯಲ್ಲಿ ಇರಲಿಲ್ಲವೆಂಬುದು ನಿಜ. ಆದರೆ "ಯಾವುದು ಇದ್ದಿದ್ದರೆ ಇದು ತಪ್ಪುತ್ತಿತ್ತು?" ಎಂಬುದೂ "ಇದು ಏಕೆ ಆಯಿತು?" ಎಂಬುದೂ ಎರಡು ಪ್ರತ್ಯೇಕ ಪ್ರಶ್ನೆಗಳು. ಕೊಡೆಯಿಲ್ಲದ್ದರಿಂದ ನೆನೆದೆನೆಂಬುದು ಸರಿ. ಕೊಡೆಯಿಲ್ಲದ್ದರಿಂದ ಮಳೆ ಬಂತೆನ್ನುವುದು ಸರಿಯಲ್ಲ. ದೂರದರ್ಶನದ ಚರ್ಚೆಗಳಲ್ಲಿ ಈ ಎರಡನ್ನೂ ಕಲಸಿಬಿಟ್ಟಿದ್ದರು.

ಇನ್ನು ಆ ಬಿಳಿಯ ಕಟ್ಟಡ. ಇದು ಪರೀಕ್ಷೆಗೆ ಎಲ್ಲಕ್ಕಿಂತ ಸುಲಭವಾದದ್ದು. ಕಟ್ಟಡವೆಂಬುದು ಓಡಿಹೋಗುವ ವಸ್ತುವಲ್ಲ. ಬೇರೆ ದಿಕ್ಕಿನಿಂದ ತೆಗೆದ ಚಿತ್ರವನ್ನಾಗಲಿ ನಕ್ಷೆಯನ್ನಾಗಲಿ ನೋಡಿದರೆ ಸಾಕಿತ್ತು. ನೋಡಿದವರಿಗೆ ಅದು ಇಸ್ಕಾನ್ ಸಂಸ್ಥೆಯ ಕೃಷ್ಣಮಂದಿರವೆಂದು ತಿಳಿಯಿತು. ನಿಲ್ದಾಣದ ಅಧಿಕಾರಿಯ ಹೆಸರು ಇಂಥದು, ಅವನು ತಲೆಮರೆಸಿಕೊಂಡಿದ್ದಾನೆ ಎಂದು ಹಬ್ಬಿಸಿದ ಮಾತೂ ಸುಳ್ಳಾಗಿತ್ತು. ಅಪಘಾತಕ್ಕೆ ಕೋಮುಬಣ್ಣ ಹಚ್ಚುವವರ ಮೇಲೆ ಕಠಿಣ ಕ್ರಮ ಕೈಗೊಳ್ಳುವುದಾಗಿ ಒಡಿಶಾ ಪೊಲೀಸರು ಜೂನ್ 4ರಂದೇ ಪ್ರಕಟಣೆ ಹೊರಡಿಸಬೇಕಾಯಿತು.

ಇಲ್ಲಿ ಇನ್ನೂ ಒಂದು ತರ್ಕದೋಷವನ್ನು ಗಮನಿಸಿ. ಆ ಕಟ್ಟಡ ಯಾವ ಮತದವರದಾಗಿದ್ದರೂ ಅದರಿಂದ ಏನು ಸಿದ್ಧವಾಗುತ್ತಿತ್ತು? ಏನೂ ಇಲ್ಲ. ರೈಲುಹಾದಿಯ ಬದಿಯಲ್ಲಿ ನೂರು ಕಟ್ಟಡಗಳಿರುವುವು; ಸಮೀಪದಲ್ಲಿರುವುದೆಲ್ಲವೂ ಕಾರಣವಾಗದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆದರೆ ಹಾಗೆ ಕಟ್ಟುವ ಅವಸರದಲ್ಲಿ ನೆರೆಮನೆಯವರ ಪ್ರಾಣಕ್ಕೇ ಸಂಚಕಾರ ಬರಬಹುದಾದರೆ ಅದು ನಗೆಯ ಮಾತಲ್ಲ.

ಸಿಗ್ನಲ್ ಮತ್ತು ಹಳಿಯ ಒಪ್ಪಂದ

ಹಾಗಾದರೆ ನಿಜವಾದ ಕಾರಣವೇನು? ಅದನ್ನು ತಿಳಿಯಲು ಇಂಟರ್‌ಲಾಕಿಂಗ್ ಎಂಬ ವ್ಯವಸ್ಥೆಯ ಪರಿಚಯ ಅಗತ್ಯ.

ರೈಲಿನ ಆದಿಕಾಲದಲ್ಲಿ ಹಳಿಯ ಕವಲನ್ನು ತಿರುಗಿಸುವ ಸನ್ನೆಯೂ ಕೈಮರವನ್ನು ಇಳಿಸುವ ಸನ್ನೆಯೂ ಬೇರೆಬೇರೆಯಾಗಿದ್ದುವು. ಎರಡನ್ನೂ ಹೊಂದಿಸುವುದು ಮನುಷ್ಯನ ನೆನಪಿಗೆ ಬಿಟ್ಟದ್ದು. ನೆನಪು ತಪ್ಪಿದರೆ ಅಪಘಾತ. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತನು ಕವಲನ್ನೂ ಸಿಗ್ನಲನ್ನೂ ಒಟ್ಟಿಗೆ ಚಲಿಸುವಂತೆ ಜೋಡಿಸುವ ಸಾಧನಕ್ಕೆ ಪೇಟೆಂಟು ಪಡೆದನು. ಅಲ್ಲಿಂದ ಬೆಳೆದ ತತ್ವ ಇಷ್ಟೆ: ಕವಲು ಸರಿಯಾದ ದಿಕ್ಕಿಗೆ ತಿರುಗಿ ಬಿಗಿಯಾಗಿ ಕೂತ ಹೊರತು ಸಿಗ್ನಲ್ ಹಸಿರಾಗಕೂಡದು. ಹಿಂದೆ ಇದನ್ನು ಕಬ್ಬಿಣದ ಸರಳುಗಳು ಸಾಧಿಸುತ್ತಿದ್ದುವು. ಈಗ ವಿದ್ಯುನ್ಮಂಡಲಗಳೂ ಗಣಕಗಳೂ ಸಾಧಿಸುವುವು.

ಕವಲಿನ ಬಳಿಯಿರುವ ಯಂತ್ರದಲ್ಲಿ ವಿದ್ಯುತ್ ಸಂಪರ್ಕಗಳಿರುತ್ತವೆ. ಕವಲು ಮುಖ್ಯ ಹಾದಿಗೆ ಕೂತಿದ್ದರೆ ಒಂದು ಮಂಡಲ ಪೂರ್ಣವಾಗಿ ದೂರದ ಕೋಣೆಯಲ್ಲಿರುವ ರಿಲೇಗೆ ಸುದ್ದಿ ಮುಟ್ಟುವುದು. ಲೂಪ್ ಲೈನಿಗೆ ತಿರುಗಿದ್ದರೆ ಇನ್ನೊಂದು ಮಂಡಲ. ತಂತಿ ಹರಿದರೆ, ವಿದ್ಯುತ್ ನಿಂತರೆ ಯಾವ ಸುದ್ದಿಯೂ ಮುಟ್ಟದೆ ಸಿಗ್ನಲ್ ಕೆಂಪಾಗಿಯೇ ಉಳಿಯುವುದು. ಕೆಡುವುದಾದರೆ ಸುರಕ್ಷಿತವಾದ ಕಡೆಗೇ ಕೆಡಬೇಕೆಂಬುದು ಈ ಏರ್ಪಾಡಿನ ಜೀವಾಳ.

ಆದರೆ ತಂತಿ ಹರಿಯದೆ, ತಪ್ಪು ಜಾಗಕ್ಕೆ ಜೋಡಣೆಯಾದರೆ? ಆಗ ಮಂಡಲವೇನೋ ಪೂರ್ಣವಾಗಿರುವುದು. ರಿಲೇ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುವುದು. ಕವಲು ಲೂಪ್ ಕಡೆಗಿದ್ದರೂ "ಮುಖ್ಯ ಹಾದಿಗೆ ಇದೆ" ಎಂಬ ಸುಳ್ಳು ಸುದ್ದಿ ಮುಟ್ಟುವುದು.

ಬಹನಗಾದಲ್ಲಿ ನಡೆದದ್ದು ಇದೇ. 2023ರ ಜುಲೈ 21ರಂದು ರಾಜ್ಯಸಭೆಯಲ್ಲಿ ಸರ್ಕಾರ ಕೊಟ್ಟ ಉತ್ತರದ ಪ್ರಕಾರ, ನಿಲ್ದಾಣದ ಉತ್ತರದ ಸಿಗ್ನಲ್ ಗೂಡಿನಲ್ಲಿ ಹಿಂದೆ ಮಾಡಿದ್ದ ಮಂಡಲದ ಮಾರ್ಪಾಟಿನಲ್ಲಿ ಲೋಪವಿತ್ತು. 94ನೆಯ ನಂಬರಿನ ಗೇಟಿನ ವಿದ್ಯುತ್ ತಡೆಕಂಬವನ್ನು ಬದಲಾಯಿಸುವ ಕೆಲಸದಲ್ಲಿಯೂ ಲೋಪವಾಯಿತು. ಇವುಗಳಿಂದಾಗಿ ಹೋಮ್ ಸಿಗ್ನಲ್ ಮುಖ್ಯ ಹಾದಿಗೆ ಹಸಿರು ತೋರಿಸಿತು. ಕವಲು ಲೂಪ್ ಲೈನಿಗೆ ತಿರುಗಿತ್ತು. ಹಳಿ ಕಿತ್ತವರೂ ಇಲ್ಲ, ಬಾಂಬೂ ಇಲ್ಲ. ಕೆಲವು ತಂತಿಗಳ ತಪ್ಪು ಜೋಡಣೆ, ಜೋಡಿಸಿದ ಮೇಲೆ ಸರಿಯಾಗಿ ಪರೀಕ್ಷಿಸದ ಅಸಡ್ಡೆ. ಆ ಜುಲೈ ತಿಂಗಳಿನಲ್ಲಿಯೇ ಮೂವರು ರೈಲ್ವೆ ನೌಕರರ ದಸ್ತಗಿರಿಯಾಯಿತು. ಅವರ ಹೊಣೆ ಎಷ್ಟೆಂಬುದು ನ್ಯಾಯಾಲಯಕ್ಕೆ ಸೇರಿದ ವಿಷಯ.

ದಾಖಲೆಯೂ ತಪ್ಪು ಹೇಳಬಹುದೇ?

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಮನನ ಮಾಡಬೇಕಾದ ಒಂದು ಸಂಗತಿಯಿದೆ. ಅಪಘಾತದ ಮರುದಿನ ರೈಲ್ವೆಯ ಕೆಲವು ಮೇಲ್ವಿಚಾರಕರು ಸ್ಥಳವನ್ನು ಪರೀಕ್ಷಿಸಿ ಒಂದು ಪ್ರಾಥಮಿಕ ಟಿಪ್ಪಣಿ ಬರೆದರು. ಮುಖ್ಯ ಹಾದಿಗೆ ಸಿಗ್ನಲ್ ಕೊಡಲಾಗಿತ್ತು, ಗಾಡಿ ಲೂಪ್ ಲೈನಿಗೆ ಹೋಯಿತು ಎಂದು ಅದರಲ್ಲಿತ್ತು. ಸಹಿ ಹಾಕಿದವರಲ್ಲಿ ಒಬ್ಬರು ಭಿನ್ನಮತ ದಾಖಲಿಸಿದರು: ಡೇಟಾ ಲಾಗರ್ ಎಂಬ ದಾಖಲೆಯಂತ್ರದ ಪ್ರಕಾರ ಕವಲು ಮುಖ್ಯ ಹಾದಿಗೇ ಕೂತಿತ್ತು ಎಂದು. ಪತ್ರಿಕೆಗಳು ಇದನ್ನು ದೊಡ್ಡ ವಿರೋಧಾಭಾಸವೆಂಬಂತೆ ಪ್ರಕಟಿಸಿದುವು. ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ಓದುಗರು ಭಾವಿಸಿದರು.

ಯಂತ್ರ ತನಗೆ ಬಂದ ಸುದ್ದಿಯನ್ನು ಮಾತ್ರ ಬರೆದಿಡಬಲ್ಲದು. ತಂತಿಯೇ ತಪ್ಪು ಸುದ್ದಿಯನ್ನು ತಂದರೆ ದಾಖಲೆಯೂ ಆ ತಪ್ಪನ್ನೇ ಅಂದವಾಗಿ, ಗಂಟೆ ನಿಮಿಷಗಳ ಸಮೇತ ಬರೆಯುವುದು. ಯಾರೂ ಸುಳ್ಳು ಹೇಳದೆಯೂ ಎರಡು ಸಾಕ್ಷ್ಯಗಳು ಒಂದಕ್ಕೊಂದು ವಿರುದ್ಧವಾಗಬಹುದು.

ನಮ್ಮ ಪ್ರಯೋಗಶಾಲೆಯಲ್ಲಿಯೇ ಇಂಥದನ್ನು ಕಂಡಿದ್ದೇನೆ. ಓಮ್ ನಿಯಮದ ಪ್ರಯೋಗಕ್ಕಾಗಿ ಒಂದೇ ಮಂಡಲದಲ್ಲಿ ಎರಡು ರೋಧಗಳನ್ನು ಸಾಲಾಗಿ ಜೋಡಿಸಿದ್ದರು. ಒಬ್ಬ ವಿದ್ಯಾರ್ಥಿನಿ ಮೊದಲನೆಯದನ್ನು ಅಳೆಯುತ್ತಿದ್ದೇನೆಂದುಕೊಂಡು ವೋಲ್ಟ್‌ಮೀಟರಿನ ತಂತಿಗಳನ್ನು ಎರಡನೆಯದಕ್ಕೆ ಸಿಕ್ಕಿಸಿದ್ದಳು. ಓದಿಕೆಗಳು ಕ್ರಮವಾಗಿ ಬಂದುವು. ಗ್ರಾಫು ಎಳೆದರೆ ಗೆರೆ ನೇರವಾಗಿತ್ತು. ಬೆಲೆ ಮಾತ್ರ ಹೊಂದಲಿಲ್ಲ. ಅವಳು ಮೂರು ಸಲ ಮೀಟರನ್ನೇ ನೋಡಿದಳು. ತಂತಿಯನ್ನು ಬೆರಳಿನಿಂದ ಹಿಡಿದು ಕೊನೆಯವರೆಗೆ ಅನುಸರಿಸಲು ಹೇಳಿದೊಡನೆ ನಕ್ಕುಬಿಟ್ಟಳು. ಮೀಟರು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ಬಹನಗಾದಲ್ಲಿ ತನಿಖಾಧಿಕಾರಿಗಳು ಮಾಡಿದ್ದೂ ತತ್ತ್ವತಃ ಇದನ್ನೇ: ಪರದೆಯನ್ನು ನಂಬಿ ಕೂಡದೆ ತಂತಿಯನ್ನು ಕೊನೆಯವರೆಗೆ ಅನುಸರಿಸಿದರು. ಆ ಕೆಲಸಕ್ಕೆ ದಿನಗಳು ಬೇಕು. ಸುದ್ದಿಗೆ ಅಷ್ಟು ತಾಳ್ಮೆಯಿರುವುದಿಲ್ಲ.

ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಇಲಾಖೆಯ ಅಧೀನದಲ್ಲಿಲ್ಲದೆ ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿರುವರೆಂಬುದೂ ಗಮನಾರ್ಹ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳಬಾರದೆಂಬುದೇ ಈ ಏರ್ಪಾಟಿನ ಅರ್ಥ.

ಮುಂಚೆಯೇ ಬಂದಿದ್ದ ಎಚ್ಚರಿಕೆ

ಅಪಘಾತದ ಗದ್ದಲದಲ್ಲಿ ನಾವೆಲ್ಲರೂ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿತ್ತು: ಇಂಥದು ಹಿಂದೆ ನಡೆದಿತ್ತೇ? ನಡೆದಿತ್ತು. 2022ರ ಮೇ 16ರಂದು ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್ ನಿಲ್ದಾಣದಲ್ಲಿ ತಪ್ಪು ತಂತಿಜೋಡಣೆಯಿಂದ ಇಂಥದೇ ಪ್ರಸಂಗವಾಗಿತ್ತೆಂದೂ, ಆಗಲೇ ತಿದ್ದಿಕೊಂಡಿದ್ದರೆ ಬಹನಗಾ ತಪ್ಪುತ್ತಿತ್ತೆಂದೂ ಸುರಕ್ಷತಾ ಆಯುಕ್ತರ ವರದಿ ಹೇಳಿತು.

ಮತ್ತೊಂದು ನಮ್ಮ ನಾಡಿನದೇ. 2023ರ ಫೆಬ್ರವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಗಾಡಿಗೆ ಹೊರಡಲು ಸಿಗ್ನಲ್ ದೊರೆತಿತ್ತು. ಕವಲು ಮಾತ್ರ ತಪ್ಪು ಹಾದಿಗೆ ತಿರುಗಿತ್ತು. ಚಾಲಕನು ಅದನ್ನು ಗಮನಿಸಿ ಗಾಡಿಯನ್ನು ನಿಲ್ಲಿಸಿದನು. ಒಬ್ಬರಿಗೂ ಗಾಯವಾಗಲಿಲ್ಲ. ಮರುದಿನವೇ ನೈರುತ್ಯ ರೈಲ್ವೆಯ ಒಬ್ಬ ಉನ್ನತ ಅಧಿಕಾರಿಗಳು, ವ್ಯವಸ್ಥೆಯಲ್ಲಿ ಗಂಭೀರವಾದ ದೋಷವಿದೆ, ಕೂಡಲೇ ಸರಿಪಡಿಸದಿದ್ದರೆ ಮತ್ತೆ ನಡೆಯಬಹುದು, ದೊಡ್ಡ ಅಪಘಾತವೇ ಆಗಬಹುದು ಎಂದು ಪತ್ರ ಬರೆದರು. ಆ ಪತ್ರ ಜನರ ಕಣ್ಣಿಗೆ ಬಿದ್ದದ್ದು ಬಹನಗಾದ ಅನಂತರ.

ಹೊಸದುರ್ಗ ರೋಡಿನಲ್ಲಿ ಅಂದು ಹೆಣಗಳಿರಲಿಲ್ಲ. ಆದ್ದರಿಂದ ಸುದ್ದಿಯೂ ಇರಲಿಲ್ಲ. ಆದರೆ ಕಲಿಯುವವನಿಗೆ ಎರಡೂ ಘಟನೆಗಳ ಬೆಲೆ ಹೆಚ್ಚುಕಡಿಮೆ ಒಂದೇ. ತಪ್ಪಿಹೋದ ಅಪಘಾತವನ್ನು ಆದ ಅಪಘಾತದಷ್ಟೇ ಶ್ರದ್ಧೆಯಿಂದ ಓದಿದ್ದರೆ ಪ್ರಾಣಗಳನ್ನು ತೆರದೆಯೇ ಪಾಠ ಸಿಗುತ್ತಿತ್ತು.

ತನಿಖೆಯನ್ನೇ ಜನ ನಂಬದಿದ್ದಾಗ

ಅಧಿಕೃತ ತನಿಖೆ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕೆ? ಹಾಗೂ ಅಲ್ಲ. ಬೆಂಗಳೂರಿನಿಂದಲೇ ಹೊರಟಿದ್ದ ಇನ್ನೊಂದು ಗಾಡಿಯ ಕಥೆಯನ್ನು ನೋಡಿ. 1988ರ ಜುಲೈ 8ರಂದು ಐಲೆಂಡ್ ಎಕ್ಸ್‌ಪ್ರೆಸ್ ಕೇರಳದ ಕೊಲ್ಲಂ ಸಮೀಪದ ಪೆರುಮಣ್ ಸೇತುವೆಯ ಮೇಲೆ ಹಳಿ ತಪ್ಪಿ, ಹಲವು ಬೋಗಿಗಳು ಅಷ್ಟಮುಡಿ ಸರೋವರಕ್ಕೆ ಬಿದ್ದುವು. ನೂರಕ್ಕೂ ಹೆಚ್ಚು ಮಂದಿ ಮುಳುಗಿ ಸತ್ತರು. ಸುಂಟರಗಾಳಿಯೇ ಕಾರಣವೆಂದು ರೈಲ್ವೆ ತನಿಖೆ ಹೇಳಿತು. ಅಂಥ ಗಾಳಿಯನ್ನು ತಾವು ಕಾಣಲಿಲ್ಲವೆಂದು ಸುತ್ತಲಿನ ಜನ ಹೇಳಿದರು. ಆ ಅವಿಶ್ವಾಸ ಇನ್ನೂ ಹೋಗಿಲ್ಲ.

ನಾವು ಲೆಕ್ಕ ಹಾಕಿ ನೋಡಬಹುದು. ಬೋಗಿಯ ತೂಕ 40 ಟನ್ನು, ಉದ್ದ 21 ಮೀಟರು, ಪಕ್ಕದ ಎತ್ತರ 3 ಮೀಟರು ಎಂದಿರಲಿ. ಗಾಳಿಗೆ ಒಡ್ಡಿದ ಕ್ಷೇತ್ರ 63 ಚದರ ಮೀಟರು. ಗಾಳಿಯ ನೂಕು ಹಳಿಯಿಂದ 2.4 ಮೀಟರು ಎತ್ತರದಲ್ಲಿ ವರ್ತಿಸುವುದೆನ್ನೋಣ. ಬೋಗಿ ಉರುಳಬೇಕಾದರೆ ಈ ನೂಕಿನ ಭ್ರಾಮಕವು ತೂಕದ ಭ್ರಾಮಕವನ್ನು ಮೀರಬೇಕು. ನಮ್ಮ ಅಗಲ ಹಳಿಗಳ ಅಂತರದ ಅರ್ಧ 0.84 ಮೀಟರು. ಆದುದರಿಂದ ತೂಕದ ಭ್ರಾಮಕ 40,000 × 9.8 × 0.84, ಎಂದರೆ ಸುಮಾರು 3,29,000 ನ್ಯೂಟನ್ ಮೀಟರು. ಇದನ್ನು 2.4ರಿಂದ ಭಾಗಿಸಿದರೆ ಬೇಕಾದ ನೂಕು 1,37,000 ನ್ಯೂಟನ್. ಚದರ ಮೀಟರಿಗೆ 2,180 ನ್ಯೂಟನ್. ಗಾಳಿಯ ಒತ್ತಡವನ್ನು ಸುಮಾರಾಗಿ 0.6v² ಎಂದು ಹಿಡಿದರೆ ವೇಗ ಸೆಕೆಂಡಿಗೆ 60 ಮೀಟರು, ಗಂಟೆಗೆ 216 ಕಿ.ಮೀ.! ಬೋಗಿಯ ಆಕಾರ, ಸ್ಪ್ರಿಂಗುಗಳ ತೂಗಾಟ ಇವುಗಳನ್ನು ಗಣಿಸಿದರೆ ಇದು ಸ್ವಲ್ಪ ತಗ್ಗೀತು. ಒಳಗಿನ ಪ್ರಯಾಣಿಕರ ತೂಕವನ್ನು ಸೇರಿಸಿದರೆ ಸ್ವಲ್ಪ ಏರೀತು.

ಸಾಮಾನ್ಯ ಮುಂಗಾರಿನ ಗಾಳಿ ಗಂಟೆಗೆ 54 ಕಿ.ಮೀ. ಎಂದಿಟ್ಟುಕೊಂಡರೆ, ವೇಗ ನಾಲ್ಕನೆಯ ಒಂದು ಪಾಲಾದುದರಿಂದ ಒತ್ತಡ ಹದಿನಾರನೆಯ ಒಂದು ಪಾಲು ಮಾತ್ರ. ಅದರಿಂದ ಬೋಗಿ ಉರುಳದು. ಪ್ರಬಲವಾದ ಸುಂಟರಗಾಳಿಯಾದರೆ ಉರುಳಬಹುದು. ಆದ್ದರಿಂದ ತನಿಖೆಯ ಹೇಳಿಕೆ ಅಸಂಭವವೆನ್ನಲಾಗದು. ಆದರೆ ಸಂಭವನೀಯವಾದುದೆಲ್ಲ ಸಂಭವಿಸಿತೆಂದಲ್ಲ! ಅಂಥ ಗಾಳಿ ಬೀಸಿದ್ದರೆ ದಡದ ತೆಂಗಿನ ಮರಗಳ ಮೇಲೆ, ಮನೆಯ ಮಾಡುಗಳ ಮೇಲೆ ಅದರ ಗುರುತು ಉಳಿಯುವ ಸಂಭವವಿದೆ. ಗುರುತುಗಳನ್ನು ಜನರ ಮುಂದಿಟ್ಟು ಮನವೊಪ್ಪಿಸಿದರೆ ಮಾತ್ರ ತನಿಖೆ ತನಿಖೆಯೆನಿಸುವುದು. ಇಲ್ಲವಾದರೆ ಸಂಶಯ ಉಳಿಯುವುದು. ಸಂಶಯವಿರುವ ಕಡೆ ಗಾಳಿಸುದ್ದಿ ಬೆಳೆಯುವುದು. ಗಾಳಿಸುದ್ದಿಗೆ ಕೇವಲ ಕೇಳುವವರ ಅವಸರ ಕಾರಣವಲ್ಲ. ಹೇಳಬೇಕಾದವರ ಮೌನವೂ ಕಾರಣ.

ಓದುಗನ ಕರ್ತವ್ಯ

ಇಷ್ಟರಿಂದ ನಾವು ಕಲಿಯಬಹುದಾದುದನ್ನು ಸಂಗ್ರಹಿಸೋಣ. ಮೊದಲನೆಯದಾಗಿ, ಅಪಘಾತದ ಮೊದಲ ದಿನ "ಏನಾಯಿತು" ಎಂಬುದರಲ್ಲಿ ಸ್ವಲ್ಪ ಭಾಗ ತಿಳಿಯಬಹುದು. "ಏಕಾಯಿತು" ಎಂಬುದು ಸಾಮಾನ್ಯವಾಗಿ ತಿಳಿಯದು. ಏಕೆಂಬುದನ್ನು ಮೊದಲ ದಿನವೇ ಖಚಿತವಾಗಿ ಹೇಳುವವನನ್ನು ಅನುಮಾನಿಸಿರಿ. ಎರಡನೆಯದಾಗಿ, ಯಾವ ಸುದ್ದಿಯೇ ಆಗಲಿ, ಹೇಳಿದವನು ಕಂಡನೇ, ಅಳೆದನೇ, ಕೇಳಿದನೇ, ಊಹಿಸಿದನೇ ಎಂದು ವಿಂಗಡಿಸಿಕೊಳ್ಳಿರಿ. ಮೂರನೆಯದಾಗಿ, ನಿಮ್ಮ ಮನಸ್ಸಿಗೆ ಹಿತವಾದ ಊಹೆಯನ್ನೇ ಹೆಚ್ಚು ಕಠಿಣವಾಗಿ ಪರೀಕ್ಷಿಸಿರಿ. ನಮಗೆ ಮೊದಲೇ ಬೇಡವಾದವರ ಮೇಲೆ ತಪ್ಪು ಹೊರಿಸುವ ಸುದ್ದಿಯನ್ನು ನಂಬುವುದು ಎಲ್ಲಕ್ಕಿಂತ ಸುಲಭ. ಕೊನೆಯದಾಗಿ, ಗದ್ದಲ ಅಡಗಿದ ಮೇಲೆ ಬರುವ ವರದಿಯನ್ನು ಓದಿರಿ. ಮೊದಲ ದಿನದ ಮಾತು ಎಲ್ಲರಿಗೂ ನೆನಪಿರುವುದು. ಐವತ್ತನೆಯ ದಿನದ ಸತ್ಯ ಪತ್ರಿಕೆಯ ಒಳಪುಟದಲ್ಲಿ ಉಳಿದುಹೋಗುವುದು.

ಮನೆಯಲ್ಲಿ ಮಾಡಿನೋಡಲು ಒಂದು ಲೆಕ್ಕ: ಗಾಡಿಯ ವೇಗ ಗಂಟೆಗೆ 128ರ ಬದಲು 64 ಕಿ.ಮೀ. ಆಗಿದ್ದರೆ ಅದರ ಶಕ್ತಿ ಎಷ್ಟು ಎತ್ತರದ ಬೀಳುವಿಕೆಗೆ ಸಮ? ಲೂಪ್ ಲೈನಿಗೆ ತಿರುಗುವ ಕವಲುಗಳಲ್ಲಿ ಸಾಮಾನ್ಯವಾಗಿ ವಿಧಿಸುವ ಗಂಟೆಗೆ 30 ಕಿ.ಮೀ. ಮಿತಿಯಲ್ಲಿ ಎಷ್ಟು? ಉತ್ತರಗಳನ್ನು 64 ಮೀಟರಿನೊಡನೆ ಹೋಲಿಸಿ ನೋಡಿದರೆ ವೇಗದ ವರ್ಗವೆಂಬ ಮಾತಿನ ಅರ್ಥ ಮನಸ್ಸಿಗೆ ನಾಟುವುದು.

ಆ ಸೋಮವಾರ ಚಿತ್ರ ತೋರಿಸಿದ ಹುಡುಗನಿಗೆ ನಾನು, "ನಿಜವೋ ಸುಳ್ಳೋ ನನಗೆ ತಿಳಿಯದು, ಕಟ್ಟಡ ಯಾವುದೆಂದು ನೀನೇ ಹುಡುಕಿ ನಾಳೆ ಹೇಳು" ಎಂದಿದ್ದೆ. ಮರುದಿನ ಅವನು ಹುಡುಕಿಕೊಂಡು ಬಂದ. "ಮಂದಿರ ಸರ್" ಎಂದ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳುಹಿಸಿದವರಿಗೆಲ್ಲ ಮತ್ತೆ ಬರೆದೆ. ಮೂವರು ಮಾತ್ರ ಉತ್ತರ ಕೊಟ್ಟರು" ಎಂದ. ಉಳಿದವರು ಅದನ್ನು ಇನ್ನೆಷ್ಟು ಜನಕ್ಕೆ ದಾಟಿಸಿದ್ದರೋ ಅವನಿಗೂ ತಿಳಿಯದು, ನನಗೂ ತಿಳಿಯದು. ಹಳಿ ಬಿಟ್ಟ ಬೋಗಿಯನ್ನು ಕ್ರೇನಿನಿಂದ ಎತ್ತಿ ಮತ್ತೆ ಹಳಿಗೆ ಇಡಬಹುದು. ಕೈಬಿಟ್ಟ ಮಾತಿಗೆ ಅಂಥ ಕ್ರೇನಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದರು. ಕಾಣದೆಯೇ ಸಾರುವ ನಮಗೆ ಆ ಮಾತು ಇನ್ನೂ ಹೆಚ್ಚು ಬೇಕಾಗಿದೆ.